ಲಾಠಿಗಿಂತ ಲೆಕ್ಕ ದೊಡ್ಡದು

ಕುಂದಾಪುರದ ಶಾಸ್ತ್ರಿ ಸರ್ಕಲ್ ಇರಲಿ, ಬೈಂದೂರಿನ ಯಡ್ತರೆ ಜಂಕ್ಷನ್ ಇರಲಿ, ಬ್ರಹ್ಮಾವರದ ಆಕಾಶವಾಣಿ ಸರ್ಕಲ್ ಇರಲಿ, ಜುಮಾ ಮುಗಿಸಿ ಚಹಾಕ್ಕೆ ಕೂತಲ್ಲಿ ಈಗೀಗ ಒಂದು ಸುದ್ದಿ ಬಂದೇ ಬರುತ್ತದೆ.

"ಗೊತ್ತಾಯ್ತಾ, ಆ ಹುಡುಗನ ಮನೆಗೆ ಪೊಲೀಸ್ ಬಂದಿದ್ರಂತೆ. ಹೊರ ರಾಜ್ಯದವ್ರು."

"ಅವ ಎಂತ ಮಾಡಿದ್ದಾನೆ ಮಾರಾಯ್ರೆ? ಪಾಪದ ಹುಡುಗ."

"ಎಂತದೂ ಇಲ್ಲ. ಯಾರಿಗೋ ಬ್ಯಾಂಕ್ ಖಾತೆ ಕೊಟ್ಟದ್ದಂತೆ."

ಅಲ್ಲಿಗೆ ಮಾತು ಮುಗಿಯುತ್ತದೆ. ಕೆಲವರು ಹುಡುಗನನ್ನು ಬೈಯುತ್ತಾರೆ, ಕೆಲವರು ಪೊಲೀಸರನ್ನು. ಹಿರಿಯ ಕಾಕ ಒಬ್ಬರು "ನಮ್ಗ್ಯಾಕೆ ಆ ರಗಳೆ" ಎಂದು ಲೋಟ ಕೆಳಗಿಟ್ಟು ಏಳುತ್ತಾರೆ. ಆದರೆ ಹೊರ ರಾಜ್ಯದ ಒಬ್ಬ ಅಧಿಕಾರಿ ಬಸ್ಸು ರೈಲು ಹಿಡಿದು ನಮ್ಮೂರಿನ ಓಣಿಯ ಕೊನೆಯ ಮನೆಯವರೆಗೆ ಬಂದದ್ದು ಹೇಗೆ? ಅವರಿಗೆ ದಾರಿ ತೋರಿಸಿದ್ದು ಯಾವುದು? ಆ ಹುಡುಗನ ಹಿಂದೆ ಯಾರಿದ್ದಾರೆ? ಇದನ್ನು ನಾವು ಕೇಳುವುದೇ ಇಲ್ಲ. ಕೇಳಿದ್ದರೆ ಇನ್ನೊಂದು ಮನೆಯ ಹುಡುಗ ಉಳಿಯುತ್ತಿದ್ದ.

ಈ ವಾರ ಆ ಅಧಿಕಾರಿಯ ಕೆಲಸದ ಬಗ್ಗೆ ಬರೆಯುತ್ತಿದ್ದೇವೆ. ಸಂಘಟಿತ ಅಪರಾಧದ ತನಿಖೆ ಎಂದರೆ ಸಿನಿಮಾದಲ್ಲಿ ಕಾಣುವ ಓಟ, ಹೊಡೆತ, ಪಿಸ್ತೂಲು ಅಲ್ಲ. ಅದರಲ್ಲಿ ಮುಕ್ಕಾಲು ಪಾಲು ಕಾಗದ, ಲೆಕ್ಕ ಮತ್ತು ತಾಳ್ಮೆ. ಇದು ಗೊತ್ತಿದ್ದರೆ ಠಾಣೆಯ ಮೆಟ್ಟಿಲು ಹತ್ತುವ ಹೆದರಿಕೆ ಅರ್ಧ ಕಡಿಮೆಯಾಗುತ್ತದೆ. ನಮ್ಮ ಮಕ್ಕಳು ಆ ಮೇಜಿನ ಯಾವ ಬದಿಯಲ್ಲಿ ಕೂರಬೇಕು ಎಂಬುದೂ ತಿಳಿಯುತ್ತದೆ.

ಕಂಡ್ಲೂರಿನ ಆ ರಾತ್ರಿ

ಸಂಘಟಿತ ಅಪರಾಧ ಮುಂಬೈ, ಬೆಂಗಳೂರಿನದ್ದು, ನಮ್ಮದಲ್ಲ ಎಂದು ಹೇಳುವವರಿದ್ದಾರೆ. ಅವರು 2017ರ ಏಪ್ರಿಲ್ 2ರ ಭಾನುವಾರ ರಾತ್ರಿಯನ್ನು ನೆನಪು ಮಾಡಿಕೊಳ್ಳಬೇಕು. ಆಗಿನ ಉಡುಪಿ ಜಿಲ್ಲಾಧಿಕಾರಿ ಪ್ರಿಯಾಂಕಾ ಮೇರಿ ಫ್ರಾನ್ಸಿಸ್ ಮತ್ತು ಕುಂದಾಪುರದ ಉಪವಿಭಾಗಾಧಿಕಾರಿ ಶಿಲ್ಪಾ ನಾಗ್ ಕುಂದಾಪುರ ತಾಲೂಕಿನ ಕಂಡ್ಲೂರಿಗೆ ಅಕ್ರಮ ಮರಳುಗಾರಿಕೆ ತಡೆಯಲು ಹೋಗಿದ್ದರು. ಅಲ್ಲಿ ಗುಂಪೊಂದು ಅವರ ಮೇಲೆಯೇ ಏರಿ ಬಂತು. ಜಿಲ್ಲೆಯ ಅತಿ ದೊಡ್ಡ ಅಧಿಕಾರಿಗೇ ಹೊಳೆ ಬದಿಯಲ್ಲಿ ರಕ್ಷಣೆ ಇಲ್ಲದ ಸ್ಥಿತಿ. ಮರುದಿನ ರಾಜ್ಯವಿಡೀ ಅದೇ ಸುದ್ದಿ. ಪ್ರಕರಣ ದಾಖಲಾಯಿತು, ಹಲವರ ಬಂಧನವೂ ಆಯಿತು.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ರಾತ್ರಿ ಹೊಯ್ಗೆ ತೆಗೆಯುವ ಕಡೆ ದಾಳಿ ಆದರೆ ಕೈಗೆ ಸಿಗುವುದು ಯಾರು? ನೀರಿಗಿಳಿದು ಬುಟ್ಟಿ ತುಂಬುವ ಕೂಲಿಯಾಳು, ದೋಣಿಯವ, ಟಿಪ್ಪರಿನ ಡ್ರೈವರ್. ಇವರಿಗೆ ಸಿಗುವುದು ದಿನದ ಸಂಬಳ. ಟಿಪ್ಪರ್ ಯಾರ ಹೆಸರಿನಲ್ಲಿದೆ, ಪರವಾನಗಿ ಚೀಟಿ ಎಲ್ಲಿಂದ ಬಂತು, ಒಂದೇ ಚೀಟಿಯಲ್ಲಿ ಎಷ್ಟು ಲೋಡು ಹೋಯಿತು, ಲೋಡಿನ ದುಡ್ಡು ಯಾರ ಖಾತೆಗೆ ಸೇರಿತು, ಅಧಿಕಾರಿಗಳ ಜೀಪು ಹೊರಟ ಕೂಡಲೇ ಫೋನು ಮಾಡಿದ್ದು ಯಾರು? ಇವಕ್ಕೆ ಉತ್ತರ ಹೊಳೆ ಬದಿಯಲ್ಲಿ ಸಿಗುವುದಿಲ್ಲ. ಆರ್‌ಟಿಒ ದಾಖಲೆಯಲ್ಲಿ, ಗಣಿ ಇಲಾಖೆಯ ಪುಸ್ತಕದಲ್ಲಿ, ಫೋನ್ ಕರೆಗಳ ಪಟ್ಟಿಯಲ್ಲಿ, ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಸಿಗುತ್ತದೆ.

ಕಾನೂನಿನಲ್ಲೂ ಎರಡು ದಾರಿ ಉಂಟು. ಸರಕಾರದ ಮರಳನ್ನು ಅನುಮತಿ ಇಲ್ಲದೆ ಒಯ್ದದ್ದು ಕಳವು. ಅದಕ್ಕೆ ಪೊಲೀಸರೇ ಎಫ್‌ಐಆರ್ ಮಾಡಬಹುದು. 1957ರ ಗಣಿ ಮತ್ತು ಖನಿಜ ಕಾಯ್ದೆಯ ಅಪರಾಧಕ್ಕೆ ಮಾತ್ರ ಅಧಿಕಾರ ಪಡೆದ ಅಧಿಕಾರಿ ಬರಹದಲ್ಲಿ ದೂರು ಕೊಟ್ಟರಷ್ಟೇ ಕೋರ್ಟು ವಿಚಾರಣೆಗೆ ತೆಗೆದುಕೊಳ್ಳುತ್ತದೆ. ಎರಡನ್ನೂ ಜೊತೆಯಾಗಿ ನಡೆಸಬಹುದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಸ್ಪಷ್ಟಪಡಿಸಿದೆ. ತನಿಖಾಧಿಕಾರಿ ಇದರಲ್ಲಿ ಒಂದು ಹೆಜ್ಜೆ ತಪ್ಪಿದರೂ ಲಾಭ ಆಗುವುದು ಟಿಪ್ಪರಿನ ಧಣಿಗೆ.

'ಸಂಘಟಿತ' ಎಂದರೆ ಏನು?

ನಾಲ್ಕು ಜನ ಸೇರಿ ಒಮ್ಮೆ ಕದ್ದರೆ ಅದು ಸಂಘಟಿತ ಅಪರಾಧ ಆಗುವುದಿಲ್ಲ. ಅದು ವ್ಯಾಪಾರದ ಹಾಗೆ ನಡೆಯುವ ಅಪರಾಧ. ಬಂಡವಾಳ ಹಾಕುವವ ಒಬ್ಬ, ಸಾಮಾನು ತರುವವ ಇನ್ನೊಬ್ಬ, ಮಾರುವವ ಮತ್ತೊಬ್ಬ, ದುಡ್ಡು ತಿರುಗಿಸುವವ ಬೇರೆಯೇ. ಒಬ್ಬ ಜೈಲಿಗೆ ಹೋದರೆ ಆ ಜಾಗಕ್ಕೆ ಮರುದಿನ ಇನ್ನೊಬ್ಬ ಬರುತ್ತಾನೆ. ಅಂಗಡಿ ಮುಚ್ಚುವುದಿಲ್ಲ.

ಕರ್ನಾಟಕಕ್ಕೆ ಇದಕ್ಕೆಂದೇ ಒಂದು ಕಾಯ್ದೆ ಇದೆ. 2000ದ ಕರ್ನಾಟಕ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆ. ಪತ್ರಿಕೆಯಲ್ಲಿ 'ಕೋಕಾ' ಎಂದು ಓದಿರುತ್ತೀರಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಮು ಇದನ್ನು ಇಡೀ ದೇಶದ ಸಾಮಾನ್ಯ ಕಾನೂನಿನೊಳಕ್ಕೆ ತಂದಿದೆ. ಸುಪಾರಿ ಕೊಲೆ, ಸುಲಿಗೆ, ಜಾಗ ಕಬಳಿಕೆ, ಮಾದಕ ವಸ್ತು, ಮಾನವ ಸಾಗಣೆ, ಸೈಬರ್ ಅಪರಾಧ ಎಲ್ಲ ಇದರಲ್ಲಿ ಬರುತ್ತವೆ. ಹಿಂದಿನ 10 ವರ್ಷಗಳಲ್ಲಿ ಆ ಕೂಟದ ಮೇಲೆ ಒಂದಕ್ಕಿಂತ ಹೆಚ್ಚು ದೋಷಾರೋಪ ಪಟ್ಟಿ ಸಲ್ಲಿಕೆಯಾಗಿ ಕೋರ್ಟು ಅದನ್ನು ಪರಿಗಣಿಸಿರಬೇಕು. ಕೂಟದ ಸದಸ್ಯ ಎಂದು ಸಾಬೀತಾದರೆ ಕನಿಷ್ಠ 5 ವರ್ಷ, ಹೆಚ್ಚೆಂದರೆ ಜೀವಾವಧಿ ಶಿಕ್ಷೆ, 5 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ.

ಇಷ್ಟು ಕಠಿಣ ಕಾನೂನು ಇರುವಲ್ಲಿ ತನಿಖೆಯ ಜವಾಬ್ದಾರಿ ಇನ್ನೂ ದೊಡ್ಡದು. ನಿರಪರಾಧಿಯನ್ನು ಈ ಕಲಮಿನಲ್ಲಿ ಸಿಕ್ಕಿಸಿದರೆ ಅವನ ಬದುಕೇ ಹಾಳು. ಆದ್ದರಿಂದಲೇ ಕೋಕಾ ಕಾಯ್ದೆಯಡಿ ಮಾಹಿತಿ ದಾಖಲಿಸಲು ಡಿಐಜಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಮುಂಚಿನ ಒಪ್ಪಿಗೆ ಬೇಕು, ತನಿಖೆ ಮಾಡುವವರು ಡಿವೈಎಸ್ಪಿಗಿಂತ ಕೆಳಗಿರಬಾರದು ಎಂದಿದೆ.

ಖಾತೆಯಿಂದ ಖಾತೆಗೆ ಒಂದು ದಾರಿ

ಈಗ ಆ ಚಹಾದ ಹೋಟೆಲಿನ ಮಾತಿಗೆ ವಾಪಸು ಬರೋಣ. ಅಧಿಕಾರಿ ಓಣಿಯ ಕೊನೆಯ ಮನೆಗೆ ತಲುಪಿದ್ದು ಹೇಗೆ? ಒಂದು ಉದಾಹರಣೆ ಇಟ್ಟುಕೊಳ್ಳುವ.

ದೂರದ ಊರಿನ ನಿವೃತ್ತ ಟೀಚರಿಗೆ ಒಂದು ವಿಡಿಯೊ ಕರೆ ಬರುತ್ತದೆ. ಖಾಕಿ ಹಾಕಿದವನೊಬ್ಬ "ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಡ್ರಗ್ಸ್ ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ" ಎನ್ನುತ್ತಾನೆ. ಅಂಥ ಬಂಧನ ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಆದರೆ ಹೆದರಿದ ಜೀವ ಉಳಿತಾಯವನ್ನೆಲ್ಲ ಅವನು ಹೇಳಿದ ಖಾತೆಗೆ ಹಾಕಿಬಿಡುತ್ತದೆ. ಆ ಖಾತೆಯಿಂದ ನಿಮಿಷಗಳೊಳಗೆ ದುಡ್ಡು ಹತ್ತು ಖಾತೆಗಳಿಗೆ ಒಡೆಯುತ್ತದೆ, ಅಲ್ಲಿಂದ ಮತ್ತೆ ಮೂವತ್ತಕ್ಕೆ. ಕೊನೆಗೆ ಎಲ್ಲೋ ಎಟಿಎಮ್ಮಿನಲ್ಲಿ ನಗದಾಗುತ್ತದೆ, ಇಲ್ಲವೇ ಕ್ರಿಪ್ಟೊ ಆಗಿ ದೇಶ ದಾಟುತ್ತದೆ.

ಈ ನಡುವಿನ ಖಾತೆಗಳಿಗೆ ಪೊಲೀಸರ ಭಾಷೆಯಲ್ಲಿ 'ಮ್ಯೂಲ್ ಖಾತೆ' ಎನ್ನುತ್ತಾರೆ, ಹೇರು ಹೊರುವ ಹೇಸರಗತ್ತೆಯ ಹಾಗೆ. ಅವು ಯಾರದ್ದು? ನಮ್ಮ ನಿಮ್ಮ ಮನೆಯ ಹುಡುಗರದ್ದು. "ನಿನ್ನ ಖಾತೆಗೆ ಸ್ವಲ್ಪ ದುಡ್ಡು ಬರ್ತದೆ, ತೆಗ್ದು ಕೊಡು, ನಿನ್ಗೆ ಕಮಿಷನ್" ಎಂದವನ ಮಾತಿಗೆ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರನ್ನೂ ಕೊಟ್ಟವರು. ಕಾಲೇಜಿಗೆ ಹೋಗುವವ, ಗಲ್ಫ್ ವೀಸಾ ಕಾಯುತ್ತಾ ಕೂತವ, ಅಂಗಡಿಯಲ್ಲಿ ಕೆಲಸಕ್ಕಿರುವವ.

ದೂರು ಬಂದ ಕೂಡಲೇ ತನಿಖಾಧಿಕಾರಿಯ ಕೆಲಸ ಗಡಿಯಾರದ ಜೊತೆ ಪಂದ್ಯ. ದುಡ್ಡು ಕಳಕೊಂಡವರು ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಫೋನು ಮಾಡಿದರೆ ಆ ಮಾಹಿತಿ ಬ್ಯಾಂಕುಗಳಿಗೆ ಹೋಗಿ, ಖಾತೆಯಲ್ಲಿ ಉಳಿದಿರುವ ಮೊತ್ತವನ್ನು ತಡೆಹಿಡಿಯಲು ಸಾಧ್ಯವಾಗುತ್ತದೆ. ಮೊದಲ ಒಂದೆರಡು ಗಂಟೆಯಲ್ಲಿ ಫೋನು ಬಂದರೆ ದುಡ್ಡು ಉಳಿಯುವ ಸಂಭವ ಹೆಚ್ಚು. "ನಾಚಿಕೆ ಆಗ್ತದೆ, ಮಕ್ಕಳಿಗೆ ಹೇಳುದು ಹೇಗೆ" ಎಂದು ಎರಡು ದಿನ ಕೂತರೆ ಆ ಹೊತ್ತಿಗೆ ದುಡ್ಡು ಎಲ್ಲೆಲ್ಲೋ ಹೋಗಿ ಆಗಿರುತ್ತದೆ.

ಆಮೇಲೆ ಶುರುವಾಗುವುದು ಉದ್ದದ ಕೆಲಸ. ಪ್ರತಿ ಬ್ಯಾಂಕಿಗೂ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ನೋಟಿಸು. ಖಾತೆ ತೆರೆದಾಗ ಕೊಟ್ಟ ಫೋಟೊ, ಆಧಾರ್, ಮೊಬೈಲ್ ನಂಬರು. ಆ ನಂಬರಿನ ಕರೆಗಳ ಪಟ್ಟಿ, ಅಂದರೆ ಸಿಡಿಆರ್. ಯಾವ ಟವರಿನ ಕೆಳಗೆ ಎಷ್ಟು ಹೊತ್ತಿಗೆ ಇತ್ತು. ಯಾವ ಹ್ಯಾಂಡ್‌ಸೆಟ್ಟಿಗೆ ಎಷ್ಟು ಸಿಮ್ ಹಾಕಿ ತೆಗೆದರು. ಎಟಿಎಮ್ಮಿನ ಕ್ಯಾಮೆರಾದಲ್ಲಿ ಕಂಡ ಮುಖ. ಅವ ಬಂದ ಕಾರು ಸಾಸ್ತಾನದ ಟೋಲ್ ದಾಟಿದ್ದು ಯಾವಾಗ, ಶಿರೂರಿನ ಟೋಲ್ ದಾಟಿದ್ದು ಯಾವಾಗ. ರಾಷ್ಟ್ರೀಯ ಹೆದ್ದಾರಿ 66 ಬ್ರಹ್ಮಾವರ, ಕುಂದಾಪುರ, ಬೈಂದೂರು ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದೆ. ಕಳ್ಳನಿಗೆ ಅದು ಓಡಲು ಸಲೀಸಾದ ರಸ್ತೆ. ತನಿಖಾಧಿಕಾರಿಗೆ ಅದು ಗಂಟೆ ನಿಮಿಷ ಬರೆದಿಟ್ಟ ಪುಸ್ತಕ.

ಇಷ್ಟೆಲ್ಲ ಸಿಕ್ಕಿದರೂ ಕೋರ್ಟಿನಲ್ಲಿ ನಿಲ್ಲಬೇಕಲ್ಲ? ಕಂಪ್ಯೂಟರಿನಿಂದ ತೆಗೆದ ಪ್ರತಿ ದಾಖಲೆಗೂ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಹಳೆಯ ಕಾನೂನಿನಲ್ಲಿ ಇದಕ್ಕೆ 65ಬಿ ಎನ್ನುತ್ತಿದ್ದರು. ಈ ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಎಷ್ಟೇ ಒಳ್ಳೆಯ ಸಿಸಿಟಿವಿ ದೃಶ್ಯವಿದ್ದರೂ ಆ ಒಂದು ಹಾಳೆ ಇಲ್ಲದಿದ್ದರೆ ಸಾಕ್ಷ್ಯವಾಗಿ ನಿಲ್ಲುವುದು ಕಷ್ಟ.

ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕರಣಗಳನ್ನು ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯವರು ತನಿಖೆ ಮಾಡುವ ಹಾಗಿಲ್ಲ. ಸೈಬರ್, ಆರ್ಥಿಕ, ಮಾದಕ ವಸ್ತು ಮೂರನ್ನೂ ನೋಡಿಕೊಳ್ಳಲು ಉಡುಪಿಯಲ್ಲಿ 'ಸೆನ್' ಠಾಣೆ ಇದೆ. ಶಿರೂರಿನಿಂದ ಹೆಜಮಾಡಿವರೆಗಿನ ಏಳು ತಾಲೂಕುಗಳ ಜಿಲ್ಲೆಗೆ ಅದು. ಇತರ ಠಾಣೆಗಳಲ್ಲಿ ತನಿಖೆಗೆಂದೇ ಪಿಎಸ್‌ಐ ಇದ್ದರೂ ಕೋಟೇಶ್ವರದ ಕೊಡಿ ಹಬ್ಬ ಬಂದರೆ, ಕೊಲ್ಲೂರಿಗೆ ಗಣ್ಯರು ಬಂದರೆ, ಎಲ್ಲಾದರೂ ಗಲಾಟೆ ಆದರೆ ಬಂದೋಬಸ್ತಿಗೆ ಹೋಗಬೇಕು. ತನಿಖೆ ಮತ್ತು ಕಾನೂನು ಸುವ್ಯವಸ್ಥೆ ಬೇರೆ ಬೇರೆ ಆಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2006ರಲ್ಲಿ. "ದೂರು ಕೊಟ್ಟು ತಿಂಗಳಾಯ್ತು, ಎಂತದೂ ಆಗ್ಲಿಲ್ಲ" ಎಂದು ನಾವು ಹೇಳುವುದು ಸುಲಭ. ದೂರುದಾರರಿಗೆ ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ತಿಳಿಸಬೇಕು ಎಂಬ ನಿಯಮ ಈಗ ಕಾನೂನಿನಲ್ಲೇ ಇದೆ. ಕೇಳುವ ಹಕ್ಕು ನಮಗುಂಟು, ಮರ್ಯಾದೆಯಿಂದ ಕೇಳುವ.

ಗ್ರಾಮಿನ ಲೆಕ್ಕ

ಮಾದಕ ವಸ್ತುವಿನ ತನಿಖೆ ಇನ್ನೂ ಸೂಕ್ಷ್ಮ. ಇಲ್ಲಿ ಎಲ್ಲವೂ ತೂಕದ ಮೇಲೆ ನಿಂತಿದೆ. ಗಾಂಜಾ 1 ಕಿಲೊವರೆಗೆ ಅಲ್ಪ ಪ್ರಮಾಣ, 20 ಕಿಲೊ ಆದರೆ ವಾಣಿಜ್ಯ ಪ್ರಮಾಣ. ಎಂಡಿಎಂಎ ಎಂಬ ಹರಳಿಗೆ ಈ ಲೆಕ್ಕ ಅರ್ಧ ಗ್ರಾಂ ಮತ್ತು 10 ಗ್ರಾಂ. ಅಂಗಿಯ ಕಿಸೆಯಲ್ಲಿ ಹಿಡಿಯುವಷ್ಟು ಪುಡಿ ವಾಣಿಜ್ಯ ಪ್ರಮಾಣವಾದರೆ ಕನಿಷ್ಠ 10 ವರ್ಷ, ಹೆಚ್ಚೆಂದರೆ 20 ವರ್ಷ ಜೈಲು. ಜಾಮೀನು ಕೂಡ ಸುಲಭಕ್ಕೆ ಸಿಗುವುದಿಲ್ಲ. ಇದನ್ನು ಪ್ರತಿ ಮನೆಯ ಹುಡುಗನೂ ತಿಳಿದಿರಬೇಕು. "ಈ ಪೊಟ್ಟಣ ಅಲ್ಲಿಗೆ ಮುಟ್ಟಿಸು" ಎಂದವನು ಯಾವತ್ತೂ ಗೆಳೆಯ ಅಲ್ಲ.

ಇಷ್ಟು ಕಠಿಣ ಶಿಕ್ಷೆ ಇರುವ ಕಾರಣ ಪೊಲೀಸರ ಮೇಲೂ ಅಷ್ಟೇ ಬಿಗಿ ನಿಯಮಗಳಿವೆ. ಬಂದ ಗುಟ್ಟಿನ ಮಾಹಿತಿಯನ್ನು ಬರೆದಿಟ್ಟು 72 ಗಂಟೆಯೊಳಗೆ ಮೇಲಧಿಕಾರಿಗೆ ಕಳಿಸಬೇಕು. ಮೈ ತಪಾಸಣೆಗೆ ಮೊದಲು, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ತಪಾಸಣೆ ಆಗಬೇಕೆಂದು ಕೇಳುವ ಹಕ್ಕು ನಿನಗಿದೆ ಎಂದು ಹೇಳಬೇಕು. ಮಾದರಿಯನ್ನು ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ತೆಗೆಯಬೇಕು. ಈಗ ತಪಾಸಣೆ, ಜಪ್ತಿ ಎಲ್ಲದರ ವಿಡಿಯೊ ಚಿತ್ರೀಕರಣವೂ ಕಡ್ಡಾಯ. ಇದರಲ್ಲಿ ಯಾವುದಾದರೂ ತಪ್ಪಿದರೆ ದೊಡ್ಡ ವ್ಯಾಪಾರಿ ಕೋರ್ಟಿನಿಂದ ನಗುತ್ತಾ ಹೊರಗೆ ಬರಬಹುದು. ಒಳ್ಳೆಯ ತನಿಖಾಧಿಕಾರಿ ಈ ನಿಯಮಗಳನ್ನು ತೊಂದರೆ ಎಂದುಕೊಳ್ಳುವುದಿಲ್ಲ. ಅಮಾಯಕನನ್ನು ಬಿಡಿಸುವುದೂ ಅವೇ ನಿಯಮ, ಅಪರಾಧಿಯನ್ನು ಹಿಡಿದಿಡುವುದೂ ಅವೇ.

ಉಮ್ಮಂದಿರಿಗೆ ಒಂದು ಮಾತು. ಮಗ ಚಟಕ್ಕೆ ಬಿದ್ದಿದ್ದಾನೆ ಎಂದು ಗೊತ್ತಾದರೆ ಮುಚ್ಚಿಡಬೇಡಿ. ವ್ಯಸನಿಯಾದವ ತಾನಾಗಿ ಮುಂದೆ ಬಂದು ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ, ಸೇವನೆ ಮತ್ತು ಅಲ್ಪ ಪ್ರಮಾಣದ ಪ್ರಕರಣದಲ್ಲಿ ಅವನಿಗೆ ರಕ್ಷಣೆ ಕೊಡುವ 64ಎ ಎಂಬ ಕಲಮು ಅದೇ ಕಾಯ್ದೆಯಲ್ಲಿ ಇದೆ. ಮಾದಕ ವಸ್ತುವಿನ ಮಾಹಿತಿ ಕೊಡಲು, ಸಲಹೆ ಕೇಳಲು 1933 ಎಂಬ ಸಹಾಯವಾಣಿಯೂ ಇದೆ. ತನಿಖೆಗೆ ಬೇಕಾದವ ಮಾರುವವ. ನಿಮ್ಮ ಮಗ ಅವನ ಗಿರಾಕಿ ಮಾತ್ರ ಆಗಿರುವಾಗಲೇ ಹಿಂದೆ ಕರೆತನ್ನಿ. ಸಾಲ ತೀರಿಸಲು ಅವನೂ ಮಾರಲು ಶುರು ಮಾಡಿದ ಮೇಲೆ ಕಾನೂನು ಬೇರೆಯೇ ಕಣ್ಣಿನಿಂದ ನೋಡುತ್ತದೆ.

ಒಂದು ಸಹಿ, ಒಂದು ಕಾರ್ಬನ್ ಪ್ರತಿ

ಕಾಗದದ ಕೆಲಸಕ್ಕೆ ಇಷ್ಟು ಬೆಲೆ ಯಾಕೆ ಎಂದು ಕೇಳುವವರಿಗೆ ನಮ್ಮ ರಾಜ್ಯದ್ದೇ ಎರಡು ಪ್ರಕರಣ ಸಾಕು.

ಪತ್ರಕರ್ತೆ ಗೌರಿ ಲಂಕೇಶ್ 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ಮನೆಯ ಬಾಗಿಲಲ್ಲಿ ಹತ್ಯೆಯಾದರು. ಬಿ.ಕೆ. ಸಿಂಗ್ ಮುಖ್ಯಸ್ಥರಾಗಿದ್ದ, ಎಂ.ಎನ್. ಅನುಚೇತ್ ತನಿಖಾಧಿಕಾರಿಯಾಗಿದ್ದ ವಿಶೇಷ ತನಿಖಾ ತಂಡ 2018ರ ನವೆಂಬರಿನಲ್ಲಿ ಸಲ್ಲಿಸಿದ ಹೆಚ್ಚುವರಿ ದೋಷಾರೋಪ ಪಟ್ಟಿ 9,235 ಪುಟದ್ದು. ಇದರ ಹಿಂದೆ ಒಂದು ಕೂಟ ಇದೆ ಎಂದು ತಂಡ ಕೋಕಾ ಹಾಕಿತು. ಒಬ್ಬ ಆರೋಪಿಯ ಮೇಲಿನ ಕೋಕಾ ಆರೋಪವನ್ನು 2021ರ ಏಪ್ರಿಲಿನಲ್ಲಿ ಹೈಕೋರ್ಟ್ ರದ್ದು ಮಾಡಿತು. ಅದೇ ವರ್ಷ ಅಕ್ಟೋಬರ್ 21ರಂದು ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶವನ್ನು ತಳ್ಳಿಹಾಕಿತು. ವಾದ ನಡೆದದ್ದು ಮುಖ್ಯವಾಗಿ ಯಾವುದರ ಮೇಲೆ? 2018ರ ಆಗಸ್ಟ್ 14ರಂದು ಪೊಲೀಸ್ ಕಮಿಷನರ್ ಕೊಟ್ಟ ಒಪ್ಪಿಗೆಯ ಮೇಲೆ. ಸಾವಿರಾರು ಪುಟದ ತನಿಖೆಯ ಒಂದು ಭಾಗ ಒಂದು ಒಪ್ಪಿಗೆ ಪತ್ರದ ಮೇಲೆ ನಿಂತಿತ್ತು.

ಎರಡನೆಯದ್ದು ಪೊಲೀಸರ ಮನೆಯೊಳಗಿನದ್ದೇ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಅಭ್ಯರ್ಥಿಯೊಬ್ಬ 21 ಪ್ರಶ್ನೆಗಳಿಗೆ ಮಾತ್ರ ಉತ್ತರ ಗುರುತು ಮಾಡಿದ್ದರೂ ಅಂಕ ಅದಕ್ಕೆ ತಾಳೆಯಾಗದಷ್ಟು ಬಂದಿದೆ ಎಂಬುದು ಹೊರಬಿತ್ತು. ಅದಕ್ಕೆ ಕಾರಣವಾದದ್ದು ಅವನ ಕೈಯಲ್ಲೇ ಉಳಿದಿದ್ದ ಓಎಂಆರ್ ಹಾಳೆಯ ಕಾರ್ಬನ್ ಪ್ರತಿ. ಆ ಒಂದು ಎಳೆ ಹಿಡಿದ ಸಿಐಡಿ ಪರೀಕ್ಷಾ ಕೇಂದ್ರದವರು, ದಲ್ಲಾಳಿಗಳು, ಅಭ್ಯರ್ಥಿಗಳು ಎಂದು ಹೋಗಿ ಕೊನೆಗೆ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯನ್ನೇ 2022ರ ಜುಲೈಯಲ್ಲಿ ಬಂಧಿಸಿತು. ಪರೀಕ್ಷೆ ರದ್ದಾಗಿ 2024ರ ಜನವರಿಯಲ್ಲಿ ಮರುಪರೀಕ್ಷೆ ಆಯಿತು. ತನಿಖೆ ಮಾಡುವವರು ತಮ್ಮದೇ ಇಲಾಖೆಯ ಮೇಲಧಿಕಾರಿಯ ಮೇಲೆ ತನಿಖೆ ಮಾಡಬೇಕಾದ ಹೊತ್ತು ಅದು. ಕಷ್ಟಪಟ್ಟು ಓದಿದ ನಮ್ಮೂರಿನ ಬಡ ಮಕ್ಕಳ ಪಾಲಿಗೆ ಆ ಕಾರ್ಬನ್ ಪ್ರತಿ ಸಣ್ಣದೇನೂ ಅಲ್ಲ.

ಹೊರದೇಶದಲ್ಲೂ ಪಾಠ ಇದೇ. ಇಟಲಿಯ ಸಿಸಿಲಿಯಲ್ಲಿ ಮಾಫಿಯಾವನ್ನು ಎದುರಿಸಿದ ನ್ಯಾಯಾಧಿಕಾರಿ ಜೊವಾನ್ನಿ ಫಾಲ್ಕೋನೆ ಬ್ಯಾಂಕಿನ ಚೆಕ್ಕುಗಳನ್ನು ಒಂದೊಂದಾಗಿ ಕೂತು ನೋಡಿದವರು. ದುಡ್ಡಿನ ಬೆನ್ನು ಹಿಡಿದರೆ ಕೂಟದ ಬಾಗಿಲಿಗೆ ಹೋಗುತ್ತೇವೆ ಎಂಬುದು ಅವರ ದಾರಿ. 1992ರ ಮೇ 23ರಂದು ಮಾಫಿಯಾ ಅವರನ್ನು ಬಾಂಬಿಟ್ಟು ಕೊಂದಿತು. ಅವರ ದಾರಿ ಉಳಿಯಿತು.

ಕರೆ ಮಾಡುವವನೂ ಕೈದಿ

ಗಲ್ಫ್ ನಂಬಿ ಬದುಕುವ ನಮ್ಮಂಥವರು ತಿಳಿಯಬೇಕಾದ ಇನ್ನೊಂದು ವಿಷಯ ಇದೆ. ಆ ವಿಡಿಯೊ ಕರೆ ಮಾಡುವವರಲ್ಲಿ ಎಷ್ಟೋ ಜನ ತಾವೇ ಬಲಿಯಾದವರು. "ಡೇಟಾ ಎಂಟ್ರಿ ಕೆಲಸ, ಒಳ್ಳೆ ಸಂಬಳ" ಎಂದು ನಂಬಿಸಿ ಕಾಂಬೋಡಿಯಾ, ಮ್ಯಾನ್ಮಾರ್, ಲಾವೋಸ್ ದೇಶಗಳಿಗೆ ಕರಕೊಂಡು ಹೋಗಿ, ಪಾಸ್‌ಪೋರ್ಟ್ ಕಸಿದುಕೊಂಡು, ಬೇಲಿಯೊಳಗೆ ಕೂಡಿಹಾಕಿ ಮೋಸದ ಕರೆ ಮಾಡಿಸುತ್ತಾರೆ. ಮ್ಯಾನ್ಮಾರಿನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಹೀಗೆ ಸಿಕ್ಕಿಬಿದ್ದಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ಅಂದಾಜು ಮಾಡಿತ್ತು. ಅವರಲ್ಲಿ ಭಾರತೀಯರೂ ಇದ್ದರು. ಹಾಗಾಗಿ ವಿದೇಶದ ಕೆಲಸ ಎಂದು ಯಾರೇ ಬಂದರೂ ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಪಟ್ಟಿಯಲ್ಲಿ ಆ ಏಜೆಂಟನ ಹೆಸರು ಇದೆಯೇ ಎಂದು ನೋಡಿ. ಟೂರಿಸ್ಟ್ ವೀಸಾದಲ್ಲಿ ಕೆಲಸಕ್ಕೆ ಕಳಿಸುತ್ತೇನೆ ಎಂದವನಿಗೆ ಬಾಗಿಲಲ್ಲೇ ಸಲಾಂ ಹೇಳಿ ಕಳಿಸಿ.

ನೋಟಿಸು ಬಂದರೆ

ಮನೆಗೆ ನೋಟಿಸು ಬಂದರೆ ನಮ್ಮಲ್ಲಿ ಮೊದಲು ಆಗುವುದು ಎಂತ? ಹುಡುಗನನ್ನು ಸಂಬಂಧಿಕರ ಮನೆಗೆ ಕಳಿಸುವುದು. ಫೋನ್ ಹೊಳೆಗೆ ಎಸೆಯುವುದು. ಇದಕ್ಕಿಂತ ದೊಡ್ಡ ತಪ್ಪು ಇಲ್ಲ. ಅಡಗಿದವನನ್ನು ತಪ್ಪಿತಸ್ಥ ಎಂದೇ ನೋಡುತ್ತಾರೆ. ಫೋನು ಎಸೆದರೆ ಅವನನ್ನು ಬಿಡಿಸಬಹುದಾಗಿದ್ದ ಸಾಕ್ಷ್ಯವೂ ಅದರ ಜೊತೆ ಮುಳುಗುತ್ತದೆ.

ಬಂದದ್ದು 35(3)ನೇ ಕಲಮಿನ ನೋಟಿಸೇ ಎಂದು ನೋಡಿ. ಅದು ಹಾಜರಾಗಿ ಹೇಳಿಕೆ ಕೊಡಲು ಇರುವ ನೋಟಿಸು. ಹೇಳಿದ ದಿನ ಹಾಜರಾದವನನ್ನು ಸಕಾರಣ ಬರೆದಿಡದೆ ಆ ಪ್ರಕರಣದಲ್ಲಿ ಬಂಧಿಸುವ ಹಾಗಿಲ್ಲ. ವಕೀಲರನ್ನು ಕಂಡು, ಖಾತೆ ಕೇಳಿದವನ ಮೆಸೇಜು, ನಂಬರು, ಕೊಟ್ಟ ತಾರೀಕು ಎಲ್ಲ ಇಟ್ಟುಕೊಂಡು ಹೋಗಿ. ತನಿಖಾಧಿಕಾರಿಗೆ ಬೇಕಾದದ್ದು ಮೇಲಿನ ಮೆಟ್ಟಿಲಿನವನ ಹೆಸರು. ಅದನ್ನು ನಿಜವಾಗಿ ಹೇಳುವ ಹುಡುಗನ ದಾರಿ ಬೇರೆ, ಅವನನ್ನು ಕಾಪಾಡಲು ಹೋದವನ ದಾರಿ ಬೇರೆ.

ಸಾಕ್ಷಿ ಹೇಳಲು ಹೆದರುವವರಿಗೂ ಒಂದು ಮಾಹಿತಿ. ಹೆಂಗಸರನ್ನು, 15 ವರ್ಷಕ್ಕಿಂತ ಸಣ್ಣವರನ್ನು, 60 ದಾಟಿದವರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆಯವರನ್ನು ಸಾಕ್ಷಿ ವಿಚಾರಣೆಗೆ ಠಾಣೆಗೇ ಬನ್ನಿ ಎಂದು ಒತ್ತಾಯಿಸುವ ಹಾಗಿಲ್ಲ. ಅಧಿಕಾರಿ ಅವರ ಮನೆಗೆ ಬರಬೇಕು. ಬೆದರಿಕೆ ಇರುವ ಸಾಕ್ಷಿಗೆ ರಕ್ಷಣೆ ಕೊಡುವ ಯೋಜನೆಗೆ ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿಗೆ ಕೊಟ್ಟಿದೆ. ಸಾಕ್ಷಿ ಬಾಯಿ ಮುಚ್ಚಿದರೆ ಎಷ್ಟು ಜಾಣ ತನಿಖಾಧಿಕಾರಿ ಇದ್ದರೂ ಕೋರ್ಟಿನಲ್ಲಿ ಬರಿಗೈ.

ಮೇಜಿನ ಆಚೆ ಬದಿಗೆ ದಾರಿ

ಈಗ ಮಕ್ಕಳ ಮಾತು. ನಮ್ಮಲ್ಲಿ ಪದವಿ ಮುಗಿದ ಕೂಡಲೇ ಕಣ್ಣು ಹೋಗುವುದು ಪಾಸ್‌ಪೋರ್ಟಿನ ಕಡೆಗೆ. "ಮೋನೇ, ಪೊಲೀಸ್ ಕೆಲ್ಸ ನಮ್ಗೆಲ್ಲ ಆಗ್ಲಿಕ್ಕಿಲ್ಲ" ಎಂದು ಬಾಪನೇ ಹೇಳಿಬಿಡುತ್ತಾರೆ. ಯಾಕೆ ಆಗಲಿಕ್ಕಿಲ್ಲ? ಲೆಕ್ಕ ಗೊತ್ತಿದ್ದವರು, ವ್ಯಾಪಾರದ ಮನೆಯಲ್ಲಿ ಬೆಳೆದವರು, ಕನ್ನಡ, ಬ್ಯಾರಿ, ಮಲಯಾಳಂ, ಹಿಂದಿ ನಾಲ್ಕೂ ಕಿವಿಗೆ ಬೀಳುವವರು ಇಂಥ ತನಿಖೆಗೆ ಹೇಳಿ ಮಾಡಿಸಿದವರು. ಕುಂದಾಪುರದ ಧಕ್ಕೆಯಲ್ಲಿ ಯಾರ ದೋಣಿ ಯಾರದ್ದು, ಬೈಂದೂರಿನಲ್ಲಿ ಯಾರ ಅಂಗಡಿ ಯಾರು ನಡೆಸುವುದು ಎಂದು ತಿಳಿದವರಿಗೆ ಸಿಗುವ ಸುಳಿವು ಹೊರಗಿನವರಿಗೆ ಸಿಗುವುದಿಲ್ಲ.

ದಾರಿಗಳೂ ಹಲವು. ಪಿಯುಸಿ ಆದವರಿಗೆ ಕಾನ್‌ಸ್ಟೇಬಲ್ ಹುದ್ದೆ, ಪದವಿ ಆದವರಿಗೆ ನೇರ ಪಿಎಸ್‌ಐ ಪರೀಕ್ಷೆ. 2ಬಿ ಪ್ರಮಾಣಪತ್ರವನ್ನು ಅರ್ಜಿಯ ಕೊನೆಯ ದಿನ ಹುಡುಕಬೇಡಿ, ಈಗಲೇ ಮಾಡಿಸಿಡಿ. ಕೇಂದ್ರದ ಎಸ್‌ಎಸ್‌ಸಿ ಸಿಜಿಎಲ್ ಎಂಬ ಒಂದೇ ಪರೀಕ್ಷೆ ಬರೆದರೆ ಸಿಬಿಐ ಮತ್ತು ಎನ್‌ಐಎ ಸಬ್ ಇನ್‌ಸ್ಪೆಕ್ಟರ್, ಜಾರಿ ನಿರ್ದೇಶನಾಲಯದ ಸಹಾಯಕ ಅಧಿಕಾರಿ ಹುದ್ದೆಗಳಿಗೆ ದಾರಿ ಉಂಟು. ಖಾಕಿ ಬೇಡ ಎನ್ನುವ ವಿಜ್ಞಾನದ ಹೆಣ್ಣುಮಕ್ಕಳಿಗೆ ವಿಧಿವಿಜ್ಞಾನ ಪ್ರಯೋಗಾಲಯ ಇದೆ. ಮಂಗಳೂರಿನಲ್ಲೇ ಅದರ ಪ್ರಾದೇಶಿಕ ಕೇಂದ್ರ ಇದೆ, ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ. 7 ವರ್ಷ ಅಥವಾ ಹೆಚ್ಚು ಶಿಕ್ಷೆ ಇರುವ ಅಪರಾಧ ನಡೆದಲ್ಲಿಗೆ ವಿಧಿವಿಜ್ಞಾನ ತಜ್ಞರು ಹೋಗಲೇಬೇಕು ಎಂದು ಹೊಸ ಕಾನೂನು ಹೇಳುವುದರಿಂದ ಅಲ್ಲಿ ಜನ ಬೇಕಾಗುತ್ತಾರೆ. ಕಾನೂನು ಓದಿದವರು ಸರಕಾರಿ ಅಭಿಯೋಜಕರಾಗಬಹುದು. ಬಿಕಾಂ, ಸಿಎ ಓದಿದವರಿಗೆ ದುಡ್ಡಿನ ದಾರಿ ಹುಡುಕುವ ಕೆಲಸ ಎಲ್ಲ ಕಡೆ ಇದೆ.

ಕೆಲಸ ಸುಲಭ ಎಂದು ನಾವು ಹೇಳುವುದಿಲ್ಲ. ರಾತ್ರಿ ಹಗಲು ಇಲ್ಲ, ಹಬ್ಬಕ್ಕೆ ಮನೆಯಲ್ಲಿ ಇರುತ್ತೀರಿ ಎಂಬ ಖಾತ್ರಿ ಇಲ್ಲ, ವರ್ಗಾವಣೆ ತಪ್ಪಿದ್ದಲ್ಲ. "ನಮ್ಮವನೇ, ಸ್ವಲ್ಪ ನೋಡಿಕೋ" ಎಂದು ನೆಂಟರಿಂದಲೇ ಫೋನು ಬರುತ್ತದೆ. ಆ ಫೋನಿಗೆ "ಇಲ್ಲ" ಎನ್ನುವುದೇ ಈ ಕೆಲಸದ ಅತಿ ದೊಡ್ಡ ಪರೀಕ್ಷೆ. ಆ ಪರೀಕ್ಷೆಯಲ್ಲಿ ನಮ್ಮ ಮಕ್ಕಳು ಪಾಸಾಗಬೇಕಾದರೆ ಮೊದಲು ನಾವು ಆ ಫೋನು ಮಾಡದೆ ಇರಬೇಕು.

ಮುಂದಿನ ಶುಕ್ರವಾರ ಚಹಾದ ಮೇಜಿನಲ್ಲಿ ಮತ್ತೆ ಅದೇ ಮಾತು ಬಂದರೆ ಲೋಟ ಇಟ್ಟು ಏಳಬೇಡಿ. "ಖಾತೆ ಕೇಳಿದ್ದು ಯಾರಂತೆ?" ಎಂದು ಕೇಳಿ. ಮನೆಗೆ ಹೋಗಿ ನಿಮ್ಮ ಮಗನ ಹತ್ತಿರವೂ ಕೂತು ಮೆಲ್ಲ ಕೇಳಿ: ನಿನ್ನ ಎಟಿಎಂ ಕಾರ್ಡ್ ಈಗ ನಿನ್ನ ಹತ್ತಿರವೇ ಉಂಟಾ?